ಗೆದ್ದವರು ಕೂರುವ ಕುರ್ಚಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಕೋಪ ಇಲ್ಲದೇ ಹೋಗಿದ್ದರೆ ಮಧುಗಿರಿಯ ನಮ್ಮ ಗೇಮ್ ಅಂಗಡಿಯಲ್ಲಿ ಇವತ್ತು ಯೂರಿಯಾ ಮೂಟೆ ಪೇರಿಸಿರುತ್ತಿದ್ದರು, ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ನಮ್ಮ ಮನೆಯ ಮುಂದಿನ ಕೋಣೆ, ಬೀದಿಗೆ ಒಂದು ಶಟರ್, ಒಳಗೆ ಎರಡು ಟಿವಿ, ಎರಡು ಗೇಮ್ ಪೆಟ್ಟಿಗೆ, ನಾಲ್ಕು ರಿಮೋಟು, ಗಂಟೆಗಿಷ್ಟೆಂದು ದುಡ್ಡು ಕೊಟ್ಟು ಆಡುವುದು. ನಮ್ಮ ಮನೆಯವರು ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಅಂಗಡಿ ಹಾಕಿದ್ದು ಅವರು, ಕಾಯುವುದು ನನ್ನ ಪಾಲಿಗೆ ಬಂತು. ಕಾರು ಓಡಿಸುವ ಆಟ, ಬಂದೂಕಿನ ಆಟ ಎಲ್ಲ ಇದ್ದರೂ ಬರುವವರಿಗೆ ಬೇಕಾದದ್ದು ಫುಟ್‌ಬಾಲ್ ಒಂದೇ. ಕಾಲೇಜಿನವರು, ಗ್ಯಾರೇಜಿನವರು, ಕೋರ್ಟಿನ ಟೈಪಿಸ್ಟು, ಎಲ್ಲರೂ ಆ ಹಸಿರು ಮೈದಾನದ ಮುಂದೆ ಕೂತರೆ ಮನೆ ಮಠ ಮರೆತುಬಿಡುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಒಂದು ಕುರ್ಚಿ ಇದೆ. ಯಾವುದೋ ಸಲೂನು ಮುಚ್ಚಿದಾಗ ನಮ್ಮ ಮನೆಯವರು ಬಸ್ಸಿನ ಮೇಲೆ ಹೇರಿಕೊಂಡು ಬಂದ ತಿರುಗುವ ಕುರ್ಚಿ, ಕೈಗೆ ಆಸರೆ ಇದೆ, ಕಾಲಿಡಲು ಕಬ್ಬಿಣದ ಮೆಟ್ಟಿಲಿದೆ. ಅದರ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು. ಗೆದ್ದವರು ಕುರ್ಚಿಯಲ್ಲಿ ಕೂರುವುದು, ಸೋತವರು ಎದ್ದು ಗೋಡೆಗೆ ಒರಗುವುದು, ಮುಂದಿನವರು ಸ್ಟೂಲಿಗೆ ಬರುವುದು. ಇದು ನಾನು ಮಾಡಿದ ಕಾನೂನಲ್ಲ, ಹುಡುಗರೇ ಮಾಡಿಕೊಂಡದ್ದು. ಕುರ್ಚಿಯಲ್ಲಿ ಕೂತವನನ್ನು ಆಡಿ ಸೋಲಿಸಿ ಎಬ್ಬಿಸಬೇಕೇ ಹೊರತು ಬೇರೆ ದಾರಿ ಇಲ್ಲ. ಒಮ್ಮೆ ಒಬ್ಬ ಲೆಕ್ಚರರು ತನ್ನದೇ ವಿದ್ಯಾರ್ಥಿಯನ್ನು ಎದ್ದೇಳು ಎಂದದ್ದಕ್ಕೆ ಎಲ್ಲರೂ ಸೇರಿ ಅವರ ಕೈಗೆ ರಿಮೋಟು ಕೊಟ್ಟಿದ್ದರು. ಪಾಪ, ಐದು ಗೋಲು ತಿಂದು ಹೋದರು.

ಮನೆಯ ಕಾನೂನೇ ಬೇರೆ. ನಾನು ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಭಾವ, ಅಂದರೆ ನಮ್ಮ ಮನೆಯವರ ಅಣ್ಣ, ಒಳಗೆ ಬಂದರೆ ಸೊಸೆಯಂದಿರು ಎದ್ದು ನಿಲ್ಲಬೇಕು. ಉಣ್ಣುತ್ತಿದ್ದರೂ ಸರಿ, ಕಾಲು ನೋಯುತ್ತಿದ್ದರೂ ಸರಿ. ಭಾವ ಕೆಟ್ಟವರಲ್ಲ, ಬೈದವರೂ ಅಲ್ಲ. ಎದ್ದೇಳಿ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ಅವರ ಚಪ್ಪಲಿಯ ಸದ್ದು ಕೇಳಿದರೆ ನಮ್ಮ ಕಾಲು ತಾವೇ ಏಳುತ್ತಿದ್ದವು. ಅಂಗಡಿಯ ಕೌಂಟರಿನ ಹಿಂದೆ ನನಗೆಂದು ಒಂದು ಮರದ ಸ್ಟೂಲು ಇತ್ತು, ದಿನಕ್ಕೆ ಏಳೆಂಟು ಗಂಟೆ ಅದರ ಮೇಲೆ ಕೂತು ಬೀದಿ ನೋಡುತ್ತಿದ್ದೆ. ನಗಬೇಡಿ, ಆ ಮನೆಯಲ್ಲಿ ನಾನು ನೆಮ್ಮದಿಯಾಗಿ ಕೂತ ಜಾಗ ಅದೊಂದೇ. ಅಲ್ಲಿಗೂ ಭಾವ ಬಂದರೆ ಧಡಕ್ಕನೆ ಏಳುತ್ತಿದ್ದೆ, ಹುಡುಗರು ಮುಸಿಮುಸಿ ನಗುತ್ತಿದ್ದರು.

ಹೀಗಿರುವಾಗ ಆ ಆಟದ ಹೊಸ ಆವೃತ್ತಿ ಬಂತು. ನಮ್ಮ ಮನೆಯವರು ಹಳೆಯ ಡಿಸ್ಕು ಕೊಟ್ಟು ಹೊಸದನ್ನು ತಂದರು. ಏನೇನಿತ್ತು ಅಂತೀರಿ! ಮಳೆ ಬಂದರೆ ಹುಲ್ಲು ನೆನೆದು ಚೆಂಡು ಅರ್ಧ ದಾರಿಗೇ ನಿಂತುಬಿಡುತ್ತಿತ್ತು. ಗಾಳಿ ಎದ್ದರೆ ಎತ್ತಿ ಹೊಡೆದದ್ದು ಎಲ್ಲೋ ಹೋಗುತ್ತಿತ್ತು. ರೆಫರಿಯ ಎದೆಯ ಮೇಲೊಂದು ಕ್ಯಾಮೆರಾ, ಫೌಲ್ ಆದರೆ ಅವನಿಗೆ ಕಂಡಂತೆಯೇ ನಮಗೂ ಕಾಣುತ್ತಿತ್ತು. ಹೆಂಗಸರ ತಂಡಗಳೂ ಬಂದಿದ್ದವು, ಬೇಕಾದರೆ ಗಂಡಸರ ತಂಡದ ಎದುರೇ ಆಡಿಸಬಹುದು. ಇವೆಲ್ಲದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಜಗಳ ಬಂದದ್ದು ಒಂದೇ ಒಂದಕ್ಕೆ. ಹಳೆಯದರಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ಸಾಕು, ನಮ್ಮ ಕಡೆಯ ಇನ್ನೊಬ್ಬ ತಾನೇ ಓಡಿಹೋಗಿ ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಳ್ಳುತ್ತಿದ್ದ. ಹೊಸದರಲ್ಲಿ ಬಟನ್ ಉಳಿದಿದ್ದರೂ ಆ ಸುಖ ಇಲ್ಲ. ಅಟ್ಟಿಸಿಕೊಂಡು ಹೋದವನು ಸುಸ್ತಾಗುತ್ತಾನೆ, ಅವನು ಬಿಟ್ಟು ಬಂದ ಜಾಗ ಖಾಲಿ ಉಳಿಯುತ್ತದೆ, ಅಲ್ಲಿಂದ ಗೋಲು ಬೀಳುತ್ತದೆ. ಯಾರು ಎಲ್ಲಿ ನಿಲ್ಲಬೇಕೆಂದು ಆಡುವವನೇ ಯೋಚಿಸಬೇಕು.

ಯೋಚಿಸಿ ಎಂದರೆ ಯಾರಿಗೆ ಬೇಕು? ಒಂದೇ ವಾರದಲ್ಲಿ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಬೊಬ್ಬೆ ಎದ್ದಿತು. ನಮ್ಮ ಮನೆಯವರು ದಿನಾ ಬಸ್ಸಿನಲ್ಲಿ ಕೇಳಿದ ಬೈಗುಳವನ್ನು ಊಟದ ಜೊತೆ ಬಡಿಸುತ್ತಿದ್ದರು. ಕೊರಟಗೆರೆಯಲ್ಲಿ ಒಬ್ಬ ರಿಮೋಟನ್ನೇ ಗೋಡೆಗೆ ಎಸೆದನಂತೆ. ಬಲಸಮುದ್ರದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವವರು ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಇದೇಮಿ ಆಟ ಸ್ವಾಮಿ’ ಎಂದು ತೆಲುಗಲ್ಲೇ ಉಗಿದರಂತೆ. ಎಲ್ಲರಿಗಿಂತ ದೊಡ್ಡ ಬಾಯಿ ಶಿರಾದ ಆಟಗಾರನದು. ಅವನದು ಬೈಕ್ ಬಿಡಿಭಾಗದ ಅಂಗಡಿ, ವಯಸ್ಸು ಮೂವತ್ತರ ಆಸುಪಾಸು, ನಾಲ್ಕು ತಾಲ್ಲೂಕಿನಲ್ಲಿ ಅವನನ್ನು ಸೋಲಿಸಿದವರಿಲ್ಲ. ಫುಟ್‌ಬಾಲ್ ಆಡುವವರ ವಾಟ್ಸಾಪ್ ಗುಂಪಿನಲ್ಲಿ ಅವನು ಹೇಳಿದ್ದೇ ವೇದವಾಕ್ಯ. ಇದು ಬಕ್ವಾಸ್ ಗೇಮು, ದುಡ್ಡು ದಂಡ, ಹಳೆಯದೇ ಆಡಿ ಎಂದು ದಿನಕ್ಕೆರಡು ವಾಯ್ಸ್ ಮೆಸೇಜ್ ಹಾಕುತ್ತಿದ್ದ. ಶಿರಾದ ಗೇಮ್ ಅಂಗಡಿಯಲ್ಲಿ ಹಳೆಯ ಡಿಸ್ಕು ಇನ್ನೂ ಇತ್ತು. ನಮ್ಮ ಹುಡುಗರೆಲ್ಲ ಬೈಕ್ ಹತ್ತಿ ಶಿರಾಕ್ಕೆ ಹೊರಟುಬಿಟ್ಟರು.

ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಉಳಿಯಿತು. ಒಂದು ದಿನ ಭಾವ ಬಂದರು, ನಾನು ಎದ್ದು ನಿಂತೆ. ಕೋಣೆ ಅವರ ಪಾಲಿನದು, ನಾವು ಅವರ ಮಾತಿನ ಮೇಲೆ ಇಟ್ಟುಕೊಂಡಿದ್ದೆವು. ಗೊಬ್ಬರದ ಅಂಗಡಿಯವರು ಕೇಳುತ್ತಿದ್ದಾರೆ, ಯುಗಾದಿಗೆ ಬಿಟ್ಟುಕೊಡೋಣ, ಅದಕ್ಕೆ ಮುಂಚೆ ಒಂದು ಭಾನುವಾರ ಟೇಪು ತಂದು ಅಳತೆ ತೆಗೆಯುತ್ತೇನೆ ಎಂದರು. ಅಷ್ಟರೊಳಗೆ ಅಂಗಡಿ ಮೊದಲಿನಂತೆ ತುಂಬಿದರೆ ನೋಡೋಣ ಎಂದೂ ಸೇರಿಸಿದರು, ಆದರೆ ಖಾಲಿ ಕುರ್ಚಿಯ ಕಡೆ ನೋಡುತ್ತಾ ಹೇಳಿದರು. ಅವರು ಹೋದ ಮೇಲೆ ನನ್ನ ಮರದ ಸ್ಟೂಲನ್ನು ನೋಡಿದೆ. ಯುಗಾದಿ ಆದ ಮೇಲೆ ನಾನು ಕೂರುವುದೆಲ್ಲಿ?

ಕೋಪ ಬಂತು. ಏನಿದೆ ಅಂಥಾದ್ದು ಈ ಹೊಸ ಆಟದಲ್ಲಿ, ಆಡಲಾಗದೇ ಇರುವಂಥದ್ದು? ಬೆಳಿಗ್ಗೆ ತಿಂಡಿ ಮುಗಿಸಿ, ಶಟರ್ ಅರ್ಧ ಎಳೆದು, ಮೊದಲ ಸಲ ರಿಮೋಟು ಕೈಗೆತ್ತಿಕೊಂಡೆ. ಗೇಮ್ ಪೆಟ್ಟಿಗೆಯೇ ಆಡಿಸುವ ತಂಡದ ಎದುರು ಹತ್ತು ದಿನ ಹಾಗೇ ತಿಣುಕಾಡಿದ ಮೇಲೆ, ಕೊರಟಗೆರೆಯಿಂದ ಔಷಧಿ ತಲುಪಿಸಲು ಬರುತ್ತಿದ್ದ ಮೆಡಿಕಲ್ ಸ್ಟೋರಿನವನ ಜೊತೆ ಆಡಿದೆ. ಏಳು ಸೊನ್ನೆ. ಏಳೂ ಅವನವು. ಅಕ್ಕಾ ನಿಮ್ಮವರೆಲ್ಲ ಯಾಕೆ ಒಂದೇ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದಾರೆ ಎಂದು ನಕ್ಕು ಹೋದ.

ಅವನು ಹೇಳಿದ್ದು ನಿಜ. ನಾನು ದೊಡ್ಡೇರಿ ಹೋಬಳಿಯ ಕುರಿ ಸಾಕುವ ಮನೆಯ ಮಗಳು. ಶಾಲೆ ಬಿಟ್ಟ ಮೇಲೆ ಮದುವೆಯಾಗುವವರೆಗೂ ಅಪ್ಪನ ಜೊತೆ ಮಂದೆ ಮೇಯಿಸಿದವಳು. ಟಿವಿಯಲ್ಲಿ ನನ್ನ ತಂಡದ ಬಣ್ಣದ ಅಂಗಿ ತೊಟ್ಟ ಹನ್ನೊಂದು ಜನ ಕಂಡ ತಕ್ಷಣ ನನ್ನ ಕೈ ಮಾಡಿದ್ದು ಮಂದೆ ಕಾಯುವ ಕೆಲಸ. ಒಬ್ಬ ದೂರ ಹೋದರೆ ಜೀವ ಹಾರುತ್ತಿತ್ತು. ಎಳೆದು ತಂದು ಗುಂಪಿಗೆ ಸೇರಿಸುತ್ತಿದ್ದೆ. ಹನ್ನೊಂದೂ ಒಟ್ಟಿಗಿವೆ, ಒಂದೂ ತಪ್ಪಿಲ್ಲ ಎಂದು ಸಮಾಧಾನವಾಗುವ ಹೊತ್ತಿಗೆ ಅತ್ತ ಗೋಲು ಬಿದ್ದಿರುತ್ತಿತ್ತು. ಈ ತಪ್ಪನ್ನು ಪ್ರಪಂಚದಲ್ಲಿ ಬೇರೆ ಯಾರೂ ಮಾಡಿರಲಾರರು.

ಆ ದಿನಗಳಲ್ಲೇ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ನಮ್ಮ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಹೆಗಲ ಕಂಬಳಿ ಸಮೇತ ಅಂಗಡಿಯ ಗೋಡೆಗೆ ಒರಗಿ ಕೂರುತ್ತಿದ್ದರು. ಡಾಕ್ಟರು ಟಿವಿ ನೋಡಬೇಡಿ ಎಂದಿದ್ದರು. ನಾನೂ ಹತ್ತು ಸಲ ಬೈದೆ. ಇನ್ನೊಂದು ಕಣ್ಣಲ್ಲಿ ನೋಡುತ್ತೇನೆ ಎಂದರು, ಅವರ ಮಗಳೇ ತಾನೆ ನಾನು. ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ, ನಾನು ಮತ್ತೆ ಎಲ್ಲರನ್ನೂ ಮೂಲೆಗೆ ತಂದು ಗೋಲು ತಿಂದಾಗ, ತಡೆಯಲಾರದೆ ಕೇಳಿದರು.

“ಯಾಕವ್ವ, ಎಲ್ರುನೂ ಒಂದೇ ಕಡೀಕೆ ಅಟ್ತೀಯ?”

“ಚದುರಿ ಹೋಯ್ತವಲ್ಲಪ್ಪ.”

“ಓಗ್ಲಿ ಬುಡು. ನಿನ್ನವು ಕುರಿ ಅಲ್ಲ ಕಣವ್ವ. ಆ ಕಡೆ ಬಣ್ಣದವು ಕುರಿ. ನಿನ್ನವು ಕುರಿ ಕಾಯೋರು. ಇಂಗೆ ಎಲ್ರೂ ಒಂದ್ತಾವ ನಿಂತ್ಕಂಡ್ರೆ ಮಂದೆ ಹೊಲಕ್ಕೆ ನುಗ್ದೆ ಇನ್ನೇನ್ ಮಾಡ್ತದೆ?”

ರಿಮೋಟು ಹಿಡಿದ ನನ್ನ ಕೈ ಹಾಗೇ ನಿಂತಿತು. ಕಾಯುವ ಕೆಲಸ ನನಗೆ ಗೊತ್ತಿಲ್ಲವೇ? ತೆನೆ ಬಿಟ್ಟ ರಾಗಿ ಹೊಲದ ಪಕ್ಕದಲ್ಲಿ ಇನ್ನೂರು ಕುರಿ ದಾಟಿಸಿದವಳು ನಾನು. ಒಂದು ಕುರಿ ಹೊಲದ ಕಡೆ ತಿರುಗಿದರೆ ಅದರ ಹಿಂದೆ ಓಡಬಾರದು. ಓಡಿದರೆ ಅದು ಇನ್ನೂ ಒಳಗೆ ನುಗ್ಗುತ್ತದೆ, ಅದರ ಹಿಂದೆ ಇನ್ನೂ ಹತ್ತು ನುಗ್ಗುತ್ತವೆ. ಸುತ್ತಿ ಹೋಗಿ ಅದು ಬರುವ ದಾರಿಯಲ್ಲಿ ಮೊದಲೇ ನಿಲ್ಲಬೇಕು. ಬೇಲಿ ಎಲ್ಲಿ ಕಿತ್ತುಹೋಗಿದೆಯೋ ಅಲ್ಲಿ ಒಬ್ಬರು ನಿಂತರೆ ಸಾಕು, ಕೋಲು ಕೂಡ ಎತ್ತಬೇಕಾಗಿಲ್ಲ, ಅದು ತಾನೇ ತಿರುಗುತ್ತದೆ. ಹುಡುಗರು ಬಿಡಲಾರದೆ ಒತ್ತುತ್ತಿದ್ದ ಆ ಬಟನ್ ಕುರಿಯ ಹಿಂದೆ ಓಡುವ ಬಟನ್. ಹೊಸ ಆಟ ಅದನ್ನೇ ಬೇಡ ಎನ್ನುತ್ತಿತ್ತು. ಈ ಆಟ ಮಾಡಿದವರ ಮನೆಯಲ್ಲಿ ಯಾರೋ ಕುರಿ ಕಾಯ್ದಿರಬೇಕು ಎಂದು ಅಪ್ಪನಿಗೆ ಹೇಳಿದೆ. ಅವರು ಸಂಶಯವೇ ಇಲ್ಲ ಎಂದರು.

ಅವತ್ತಿಂದ ನನ್ನ ಆಟ ಬದಲಾಯಿತು. ಓಡುವ ಬಟನ್ನಿನಿಂದ ಬೆರಳು ತೆಗೆದೆ. ಇಬ್ಬರನ್ನು ಬೇಲಿಯ ಹಾಗೆ ಹಿಂದೆ ನಿಲ್ಲಿಸಿ, ಉಳಿದವರನ್ನು ಅಗಲಕ್ಕೆ ಬಿಟ್ಟೆ. ಚೆಂಡು ಯಾರ ಕಾಲಲ್ಲಿದೆ ಎಂದು ನೋಡುವುದು ಬಿಟ್ಟು, ಅದು ಮುಂದೆ ಎಲ್ಲಿಗೆ ಬರುತ್ತದೆ ಎಂದು ನೋಡತೊಡಗಿದೆ. ಮುಂದಿನ ವಾರ ಮೆಡಿಕಲ್ ಸ್ಟೋರಿನವನು ಬಂದ. ಮೂರು ಸೊನ್ನೆ, ಮೂರೂ ನನ್ನವು. ಅವನ ಮುಖ ನೋಡಬೇಕಿತ್ತು ನೀವು. ಇನ್ನೊಂದು ಆಡೋಣ ಎಂದ, ಅದನ್ನೂ ಸೋತ. ಆಮೇಲೆ ಕೋರ್ಟಿನ ಟೈಪಿಸ್ಟು ಸೋತ, ಗ್ಯಾರೇಜಿನ ಇಬ್ಬರು ಸೋತರು. ಗೆದ್ದರೂ ನಾನು ಆ ಸಲೂನು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಹುಡುಗರು ಎಷ್ಟು ಹೇಳಿದರೂ ಏನೋ ಸಂಕೋಚ, ಸ್ಟೂಲಿನಲ್ಲೇ ಆಡುತ್ತಿದ್ದೆ.

ಆದರೆ ನಾಲ್ಕು ಜನ ಸೋತರೆ ಅಂಗಡಿ ತುಂಬುವುದಿಲ್ಲ. ಉಳಿದವರೆಲ್ಲ ಶಿರಾದವನ ಬಾಯಿ ನೋಡುತ್ತಿದ್ದರು. ಭಾವ ಟೇಪು ತರುವ ಭಾನುವಾರ ಹತ್ತಿರ ಬಂತು. ಕೊನೆಗೆ ನಮ್ಮ ಮನೆಯವರ ಫೋನು ಕಿತ್ತುಕೊಂಡು ಗುಂಪಿನಲ್ಲಿ ನಾನೇ ವಾಯ್ಸ್ ಮೆಸೇಜ್ ಹಾಕಿದೆ. ಆಟ ಸರಿ ಇಲ್ಲ ಅನ್ನುತ್ತಿದ್ದೀಯಲ್ಲಪ್ಪ, ಭಾನುವಾರ ಮಧುಗಿರಿಗೆ ಬಾ, ನಲವತ್ತಾರು ವರ್ಷದ ಹೆಂಗಸಿನ ಎದುರು ಆಡು, ನೀನು ಗೆದ್ದರೆ ಶಟರ್ ಎಳೆದು ಬೀಗ ನಿನ್ನ ಕೈಗೇ ಕೊಡುತ್ತೇನೆ ಎಂದೆ. ನಮ್ಮ ಮನೆಯವರು ತಲೆ ಮೇಲೆ ಕೈ ಹೊತ್ತು ಕೂತರು.

ಭಾನುವಾರ ಮಧ್ಯಾಹ್ನ ಅವನು ಬಂದ. ಅವನ ಹಿಂದೆ ಶಿರಾದಿಂದ ಆರೇಳು ಬೈಕು, ಪಾವಗಡದ ಬಸ್ಸಿನಿಂದ ಇಳಿದ ಸೋಲಾರಿನವರು, ಕೊರಟಗೆರೆಯವರು, ತೋವಿನಕೆರೆಯಿಂದಲೂ ಇಬ್ಬರು. ಕೋಣೆ ತುಂಬಿ ಶಟರ್ ಆಚೆಗೂ ಜನ ನಿಂತರು. ಬಾಯಿ ದೊಡ್ಡದಾದರೂ ಹುಡುಗ ಮರ್ಯಾದಸ್ಥ. ನಮಸ್ಕಾರ ಆಪಾ, ಅಂದರೆ ಅಕ್ಕಾ, ಎಂದು ಕೈ ಮುಗಿದ, ಅಪ್ಪನ ಕಾಲು ಮುಟ್ಟಿದ. ಬಂದವನು ಗೆದ್ದು ಹೆಸರು ಮಾಡಿದವನು, ಕುರ್ಚಿ ನಿನ್ನದೇ ಎಂದು ಅವನನ್ನು ಅದರಲ್ಲಿ ಕೂರಿಸಿ ನಾನು ಸ್ಟೂಲು ಎಳೆದುಕೊಂಡೆ.

ಹೊರಗಿನಿಂದ ಬಂದವನು ಮೈದಾನ ಆರಿಸುವುದು, ಅಂಗಡಿಯವರು ಹವಾಮಾನ ಆರಿಸುವುದು ನಮ್ಮಲ್ಲಿ ಪದ್ಧತಿ. ನಾನು ಮಳೆ ಹಾಕಿದೆ. ಮಧುಗಿರಿಯ ಬಿಸಿಲಲ್ಲಿ ಕೂತು ಮಳೆ ಕೇಳುತ್ತಿದ್ದೀರಲ್ಲ ಎಂದು ಅವನ ಕಡೆಯವರು ನಕ್ಕರು. ತಂಡ ಎಂದಾಗ ಹೆಂಗಸರ ತಂಡ ತೆಗೆದುಕೊಂಡೆ. ಜುಟ್ಟು ಕಟ್ಟಿದ ಹನ್ನೊಂದು ಹುಡುಗಿಯರು ಸಾಲಾಗಿ ಬಂದು ಮಳೆಯಲ್ಲಿ ನಿಂತರು. ಆ ಹುಡುಗಿಯರನ್ನು ನೋಡಿ ನನಗೆ ಧೈರ್ಯ ಬಂತು, ಸುಳ್ಳು ಯಾಕೆ ಹೇಳಲಿ.

ಮೊದಲ ಗೋಲು ಅವನದೇ. ಕಾರ್ನರಿನಿಂದ ಬಂದ ಚೆಂಡನ್ನು ತಲೆಯಲ್ಲಿ ಹೊಡೆದ, ನನ್ನ ಗೋಲ್‌ಕೀಪರ್ ನೋಡುತ್ತಾ ನಿಂತಳು. ಶಿರಾದವರು ಕೂಗಿದ ಸದ್ದಿಗೆ ಎದುರು ಮನೆಯವರು ಹೊರಗೆ ಬಂದರು. ಬೀಗದ ಕೈ ಮುಂದೆ ಕೌಂಟರಿನ ಮೇಲೇ ಇತ್ತು, ನಾನೇ ಇಟ್ಟದ್ದು. ಹಿಂದಿನಿಂದ ಅಪ್ಪ ಮಂದೆಗೆ ಕೊಡುವ ಸಣ್ಣ ನಾಲಿಗೆಯ ಸದ್ದು ಮಾಡಿದರು. ಅವಸರ ಬೇಡ, ನಿಂತ ಕಡೆ ನಿಲ್ಲು ಎಂದು ಅದರ ಅರ್ಥ. ನಾನು ನಿಂತೆ.

ಅವನು ಆ ಬಟನ್ ಬಿಡಲೇ ಇಲ್ಲ. ವರ್ಷಗಟ್ಟಲೆ ಕೂತ ಅಭ್ಯಾಸ, ಬೆರಳು ತಾನೇ ಒತ್ತುತ್ತಿತ್ತು. ಅವನ ಆಟಗಾರರು ಚೆಂಡಿನ ಹಿಂದೆ ಓಡಿ ಓಡಿ ಕೆಸರಲ್ಲಿ ಸುಸ್ತಾದರು. ಉದ್ದಕ್ಕೆ ಹೊಡೆದ ಚೆಂಡು ನೀರಲ್ಲಿ ನಿಂತುಹೋಯಿತು, ಅಲ್ಲಿ ನನ್ನ ಹುಡುಗಿ ಮೊದಲೇ ನಿಂತಿದ್ದಳು. ಅಲ್ಲಿಂದ ಒಂದು ಪಾಸ್, ಇನ್ನೊಂದು ಪಾಸ್. ಅವನ ಹಿಂಭಾಗದಲ್ಲಿ ಬೇಲಿಯೇ ಇರಲಿಲ್ಲ. ಒಂದು ಒಂದು! ಮಧುಗಿರಿಯವರು ಕುಣಿದರು, ನಮ್ಮ ಮನೆಯವರು ಡ್ಯೂಟಿ ಬಟ್ಟೆಯಲ್ಲೇ ಸೀಟಿ ಹೊಡೆದರು. ಕೊನೆಯ ನಿಮಿಷದಲ್ಲಿ ಗೆಲ್ಲಲೇಬೇಕೆಂದು ಅವನು ಎಲ್ಲರನ್ನೂ ಮುಂದೆ ನುಗ್ಗಿಸಿದ. ಇಡೀ ಮಂದೆ ನನ್ನ ಕಡೆ ಬಂದಿತ್ತು. ನನ್ನ ಇಬ್ಬರು ಕಿತ್ತ ಬೇಲಿಯ ಬಾಯಲ್ಲಿ ನಿಂತಿದ್ದರು. ಚೆಂಡು ಅಲ್ಲಿಗೇ ಬಂತು. ತೆಗೆದುಕೊಂಡು ಅಗಲಕ್ಕೆ ಕೊಟ್ಟೆ, ಒಂಟಿ ಹುಡುಗಿ ಖಾಲಿ ಮೈದಾನದಲ್ಲಿ ಓಡಿದಳು, ಹೊಡೆದಳು. ಎರಡು ಒಂದು. ರೆಫರಿ ಸೀಟಿ ಊದಿದ.

ಆಮೇಲೆ ಎದ್ದ ಗದ್ದಲ ಏನು ಹೇಳಲಿ! ಸೋಲಾರಿನವರು ತೆಲುಗಲ್ಲಿ ಕೂಗಿದರು, ಮೆಡಿಕಲ್ ಸ್ಟೋರಿನವನು ತಾನೇ ಗೆದ್ದವನ ಹಾಗೆ ಎಲ್ಲರ ಕೈ ಕುಲುಕಿದ. ಅಪ್ಪ ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಾನು ಅಷ್ಟು ಸಂತೋಷದಲ್ಲೂ ಕಣ್ಣು ಮುಟ್ಟಬೇಡ ಎಂದು ಬೈದೆ. ಶಿರಾದವನು ಫೋನು ತೆಗೆದು ಎಲ್ಲರೆದುರೇ ಗುಂಪಿಗೆ ಮೆಸೇಜ್ ಹಾಕಿದ. ಗೇಮು ಬಕ್ವಾಸ್ ಅಲ್ಲ, ಆಡೋಕೆ ಬರದೇ ಇದ್ದದ್ದು ನಮಗೆ, ಕಲಿಯಬೇಕೆಂದರೆ ಮಧುಗಿರಿಗೆ ಬನ್ನಿ ಎಂದ. ಕುರ್ಚಿಯಿಂದ ಎದ್ದು, ಅದನ್ನು ನನ್ನ ಕಡೆ ತಿರುಗಿಸಿದ. ಇನ್ನು ಸಂಕೋಚ ಮಾಡಿದರೆ ಅವನಿಗೇ ಅವಮಾನ. ಸೆರಗು ಸರಿಮಾಡಿಕೊಂಡು ಮೊದಲ ಸಲ ಅದರಲ್ಲಿ ಕೂತೆ. ಕಾಲನ್ನು ಕಬ್ಬಿಣದ ಮೆಟ್ಟಿಲ ಮೇಲಿಟ್ಟೆ.

ಆಗ ಚಪ್ಪಲಿಯ ಸದ್ದು ಕೇಳಿತು. ಜನ ದಾರಿ ಬಿಟ್ಟರು. ಭಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಟೇಪು. ನನ್ನ ಕಾಲು ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಏಳಲು ಹೊರಟವು. ಕುರ್ಚಿಯಿಂದ ಅರ್ಧ ಎದ್ದೂ ಬಿಟ್ಟಿದ್ದೆ.

“ಕೂತ್ಕೊಳ್ಳಿ ಆಪಾ,” ಎಂದ ಶಿರಾದವನು. “ಸೋತಿರೋನು ನಾನು. ಎದ್ದೇಳ್ಬೇಕಾದೋನು ನಾನು.” ಆಮೇಲೆ ಭಾವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದಲೇ, ಸ್ಟೂಲು ತೋರಿಸಿದ. “ಇವರನ್ನ ಎಬ್ಬಿಸಬೇಕು ಅಂದ್ರೆ ಆಡಿ ಗೆಲ್ಬೇಕು ಅಣ್ಣಾ. ಇಲ್ಲಿ ರೂಲ್ಸ್ ಹಂಗೇ ಐತೆ.”

ನಾನು ಮತ್ತೆ ಕೂತೆ. ಪೂರ್ತಿ ಕೂತೆ, ಬೆನ್ನು ಒರಗಿಸಿ. ಭಾವ ತುಂಬಿದ ಕೋಣೆಯನ್ನು ನೋಡಿದರು, ಬಾಗಿಲಾಚೆ ನಿಂತವರನ್ನು ನೋಡಿದರು, ನನ್ನನ್ನು ನೋಡಿದರು. ಟೇಪು ಹಿಡಿಯಲು ಅಲ್ಲಿ ಕಾಲಿಡುವಷ್ಟೂ ಜಾಗ ಇರಲಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ನನ್ನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ರಿಮೋಟನ್ನು ಅತ್ತಿತ್ತ ತಿರುಗಿಸಿ ನೋಡಿದರು.

“ಇದ್ರಾಗೆ ಓಡ್ಸೋ ಬಟನ್ ಯಾವ್ದಮ್ಮ?” ಎಂದು ಕೇಳಿದರು.

ಕೂತುಕೊಂಡೇ ಹೇಳಿಕೊಟ್ಟೆ.